ಗಡಿಯವನ ಚಪ್ಪಲಿ

"ಹಾಕ್ಕೋಬೇಡ ಬಾಬಾ. ಅದು ನಿನ್ನ ಕಾಲಿಗಲ್ಲ," ಎಂದ ಜಾಗ ಮಾರಿದ ಮುದುಕ ಭಿಕಾಜಿ ಗಾವಡೆ. "ಗಡಿ ಕಾಯೋನಿಗೆ ಹೊಲಿಸಿದ್ದು. ಕಲ್ಲಿನ ಹತ್ರ ಇಟ್ಟು, ಕೈ ಮುಗಿದು, ಹಿಂದೆ ನೋಡ್ದೆ ಬಂದ್ಬಿಡು."

ಚಿನ್ಮಯ ಪಾಟಸ್ಕರನಿಗೆ ನಗು ತಡೆಯಲಾಗಲಿಲ್ಲ. ಪುಣೆಯಿಂದ ಕುಡಾಳಕ್ಕೆ ಬಂದು, ನೋಂದಣಿ ಕಚೇರಿಯಲ್ಲಿ ಬೆಳಗ್ಗೆಯಿಂದ ಬೆವರು ಸುರಿಸಿ, ಆಗಷ್ಟೇ ತನ್ನ ಬದುಕಿನ ಮೊದಲ ಜಾಗಕ್ಕೆ ಒಡೆಯನಾಗಿದ್ದ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಭೂಮಿ ವ್ಯವಹಾರವನ್ನೆಲ್ಲ ಅರೆದು ಕುಡಿದವನು ಅವನು. ಚಿಕ್ಕದು ಕೊಳ್ಳು, ಸ್ವಲ್ಪ ಕಾಯು, ಮಾರು, ದೊಡ್ಡದು ಕೊಳ್ಳು. ಆ ವಿಡಿಯೊಗಳಲ್ಲಿ ಯಾರೂ ಚಪ್ಪಲಿಯ ಮಾತೆತ್ತಿರಲಿಲ್ಲ.

ಜಾಗದಲ್ಲಿ ಅರ್ಧ ಪಾಲು ತಂಗಿ ಮುಕ್ತಾಳದು. ಕೆಲಸಕ್ಕೆ ಸೇರಿದಾಗಿನಿಂದ ಕೂಡಿಟ್ಟದ್ದನ್ನು "ನೀನು ನೋಡಿದೀಯಲ್ಲ ದಾದಾ, ಸಾಕು" ಎಂದು ಅಣ್ಣನ ಕೈಗಿತ್ತು, ಸಹಿ ಹಾಕಿ, ಮಧ್ಯಾಹ್ನದ ರೈಲಿಗೇ ವಾಪಸಾಗಿದ್ದಳು.

ಗಡಿಕಲ್ಲಿನ ಬುಡದಲ್ಲಿ ಹಳೆಯ ಚಪ್ಪಲಿಗಳ ಗುಡ್ಡೆಯಿತ್ತು. ಒಂದೊಂದರ ಹಿಮ್ಮಡಿಯೂ ಸವೆದು ಕಾಗದದಂತಾಗಿತ್ತು. ಹಸಿ ತೊಗಲಿನ ವಾಸನೆಯೂ ಎಲ್ಲೋ ಸೇದುತ್ತಿದ್ದ ಬೀಡಿಯ ಘಾಟೂ ಸೇರಿ ಮೂಗು ಮುಚ್ಚಿಕೊಳ್ಳುವಂತಿತ್ತು. ಅಲ್ಲಿ ಯಾರೂ ಬೀಡಿ ಸೇದುತ್ತಿರಲಿಲ್ಲ.

"ಇಟ್ಟಲ್ಲೇ ಸವೀತಾವೆ," ಎಂದ ಮುದುಕ. ಅವನ ಎರಡೂ ಪಾದಗಳಿಗೆ ಬಟ್ಟೆ ಸುತ್ತಿತ್ತು. "ಗಡಿ ಕಾಯೋ ರಾಖಣದಾರ ತೊಟ್ಟು ತಿರುಗ್ತಾನೆ. ಬೇರೆಯವರು ತೊಟ್ರೆ ತಿರುಗೋ ಕೆಲಸ ಅವರದ್ದೇ."

"ಇಲಿ ಕಡಿದಿರುತ್ತೆ ಕಾಕಾ. ಇಲಿಗೂ ಒಂದು ಜೊತೆ ಹೊಲಿಸಿ."

ದಲ್ಲಾಳಿ ದಿಗು ಪರಬ ಈ ಮಾತಿಗೆ ನಗಲಿಲ್ಲ. ಅವನು ಸ್ಕೂಟರ್ ಬಿಟ್ಟು ಗಡಿಯೊಳಗೆ ಕಾಲಿಟ್ಟಿರಲೇ ಇಲ್ಲ. ಚಿನ್ಮಯ ವಿಡಿಯೊ ತೆಗೆಯಲು ಅವನ ಕೈಗೆ ಮೊಬೈಲು ತುರುಕಿ, ಶೂ ಬಿಚ್ಚಿ, ಮುದುಕ ತಂದಿದ್ದ ಹೊಸ ಚಪ್ಪಲಿಯಲ್ಲಿ ಕಾಲಿಟ್ಟ. ಅಳತೆ ತೆಗೆದು ಹೊಲಿಸಿದಂತೆ ಕೂತವು. ನಾಲ್ಕೂ ಗಡಿಕಲ್ಲು ಮುಟ್ಟಿ ಒಂದು ಸುತ್ತು ಹಾಕಿದ.

"ನೋಡಿ ಸ್ನೇಹಿತರೇ, ನನ್ನ ಮೊದಲ ಜಾಗ. ಇವತ್ತಿಂದ ಇಲ್ಲಿ ಕಾವಲುಗಾರನೂ ನಾನೇ."

ತಿರುಗಿ ಬಂದಾಗ ಮುದುಕ ಅಳುತ್ತಿದ್ದ. ಜಾಗ ಕೈಬಿಟ್ಟ ಸಂಕಟವಿರಬೇಕು ಎಂದುಕೊಂಡು ಚಿನ್ಮಯ ಅವನ ಭುಜ ತಟ್ಟಿದ.

ಮರುದಿನ ಪುಣೆಯ ಕಚೇರಿಯಲ್ಲಿ ಮೀಟಿಂಗು ನಡೆದಿತ್ತು. ಹೊರಗೆ ಮುಸ್ಸಂಜೆ. ಇದ್ದಕ್ಕಿದ್ದಂತೆ ಹಸಿ ತೊಗಲಿನ ವಾಸನೆ ಬಂತು. ಎಲ್ಲೋ ಕೋಲು ಕುಟ್ಟಿದ ಸದ್ದು. ಚಿನ್ಮಯನ ಕಾಲುಗಳು ಎದ್ದು ನಿಂತವು. ಹೌದು, ಕಾಲುಗಳು ಮೊದಲು ಎದ್ದವು, ಆಮೇಲೆ ಅವನು. ಮೇಲಧಿಕಾರಿ ಬಾಯಿ ತೆರೆದು ನೋಡುತ್ತಿದ್ದಂತೆ ಬಾಗಿಲು ದಾಟಿ, ಮೆಟ್ಟಿಲಿಳಿದು, ವಾಹನ ನಿಲ್ಲಿಸುವ ಅಂಗಳದಲ್ಲಿ ಸುತ್ತತೊಡಗಿದ. ಕುಡಾಳದ ಜಾಗ ಎಷ್ಟಗಲವೋ ಅಷ್ಟಗಲ. ಎಷ್ಟುದ್ದವೋ ಅಷ್ಟುದ್ದ. ಅಡ್ಡ ಬಂದ ಕಾರಿಗೆ ಮೊಣಕಾಲು ಬಡಿಯಿತು, ಕಾಲು ನಿಲ್ಲಲಿಲ್ಲ. ಕತ್ತಲು ಪೂರ್ತಿ ಇಳಿದ ಮೇಲೆಯೇ ಬಿಟ್ಟವು. ಕುಂಟುತ್ತ ಮನೆಗೆ ಬಂದರೆ ಹೊಸ್ತಿಲ ಹೊರಗೆ ಆ ಚಪ್ಪಲಿಗಳಿದ್ದವು. ಅವನ್ನು ಅವನು ಕುಡಾಳದಲ್ಲೇ ಬಿಟ್ಟುಬಂದಿದ್ದ. ಅವುಗಳ ಅಡಿಗೆ ಕೆಂಪು ಮಣ್ಣು ಇನ್ನೂ ಹಸಿಯಾಗಿ ಅಂಟಿತ್ತು.

ಹೊಳೆಗೆ ಎಸೆದ, ಬಂದವು. ಸುಟ್ಟ, ಬಂದವು. ಮೋಚಿಯ ಕೈಕಾಲು ಹಿಡಿದು ಹೊಸ ಜೊತೆ ಹೊಲಿಸಿ, ತಾನೇ ಕುಡಾಳಕ್ಕೆ ಹೋಗಿ ಗಡಿಕಲ್ಲಿನ ಹತ್ತಿರ ಇಟ್ಟು ಕೈ ಮುಗಿದ. ಅವುಗಳಲ್ಲಿ ಜೇಡ ಬಲೆ ಕಟ್ಟಿತೇ ಹೊರತು ಯಾರೂ ತೊಡಲಿಲ್ಲ. ಪ್ರತಿ ಸಂಜೆ ಸವೆದದ್ದು ಅವನ ಹಿಮ್ಮಡಿ. ಚರ್ಮ ಒಡೆದು, ಕೀವು ಕಟ್ಟಿ, ಅದರ ಮೇಲೇ ಮತ್ತೆ ನಡೆದು ನಡೆದು ಕಾಲು ಕಾಲಾಗಿ ಉಳಿಯಲಿಲ್ಲ. ಕೆಲಸವೂ ಹೋಯಿತು. ಸಂಜೆಯಾದರೆ ಮೀಟಿಂಗು ಬಿಟ್ಟೇಳುವವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಮಾರಿ ಕೈ ತೊಳೆದುಕೊಳ್ಳೋಣವೆಂದರೆ ಅದೂ ಆಗಲೊಲ್ಲದು. ಕೊಲ್ಹಾಪುರದ ಡಾಕ್ಟರು ಗಡಿಯವರೆಗೆ ಬಂದು, "ಯಾರ್ರೀ ಅದು ಕೋಲು ಕುಟ್ಟೋದು?" ಎಂದು ಕೇಳಿ ಕಾರು ತಿರುಗಿಸಿದರು. ಮುಂಬಯಿಯ ದಂಪತಿಗೆ ಬೀಡಿಯ ಘಾಟಿಗೇ ವಾಂತಿಯಾಯಿತು. ಒಬ್ಬ ಊರವನಂತೂ ಚಪ್ಪಲಿಯ ಮಾತು ಬಂದದ್ದೇ ತಡ, ಕೊಟ್ಟ ಚಹಾವನ್ನೂ ಕುಡಿಯದೆ ಎದ್ದ.

"ಜಾಗ ಬಂಗಾರ ಚಿನ್ಮಯ ಶೇಟ್," ಎಂದ ದಿಗು. "ನಿಮ್ಮ ಕಾಲು ನೋಡಿ ಗಿರಾಕಿ ಓಡ್ತಾರೆ. ಒಂದು ಸಾಕ್ಸ್ ಆದ್ರೂ ಹಾಕ್ಕೊಳ್ಳಿ."

ಚಿನ್ಮಯನಿಗೆ ಅವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು. ದಿಗುವಿನ ಮೇಲೆ, ವಿಡಿಯೊಗಳ ಮೇಲೆ, ತಾನು ನಕ್ಕ ನಗೆಯ ಮೇಲೆ. ಆ ಸಿಟ್ಟಿನಲ್ಲೇ ಭಿಕಾಜಿಯ ಮನೆಗೆ ಕುಂಟಿಕೊಂಡು ಹೋದ. ಮುದುಕ ಜಗಲಿಯಲ್ಲಿ ಕಾಲು ಚಾಚಿ ಕೂತು ಮೀನಿನ ಸಾರು, ಅನ್ನ ಉಣ್ಣುತ್ತಿದ್ದ. ಬಟ್ಟೆ ಬಿಚ್ಚಿದ ಅವನ ಪಾದಗಳು ಎಳೆಗೂಸಿನ ಪಾದದಂತೆ ನುಣ್ಣಗಿದ್ದವು.

ಚಿನ್ಮಯನಿಗೆ ಎಲ್ಲ ಅರ್ಥವಾಯಿತು. "ತಿರುಗ್ತಿದ್ದದ್ದು ನೀವು."

"ಹೂಂ."

"ಮತ್ತೆ ಹಾಕ್ಕೋಬೇಡ ಅಂದ್ರಲ್ಲ?"

"ಅನ್ನಲೇಬೇಕು ಬಾಬಾ. ನಮ್ಮ ಹಿರಿಯನೊಬ್ಬ ಗಡಿಕಲ್ಲು ಸರಿಸಿದ. ಪಕ್ಕದವನು ಮಾಟ ಮಾಡಿಸಿದ. ಅವತ್ತಿಂದ ಗಡಿಯವನಿಗೆ ಮನುಷ್ಯರ ಕಾಲೇ ಬೇಕು. ಅದೂ ಜಾಗದ ಒಡೆಯರದ್ದು. ಬೇಡ ಅಂತ ಹೇಳದೇ ತೊಡಿಸಿದ್ರೆ ಅವನು ಒಪ್ಪಲ್ಲ. ಕೇಳಿ, ನಕ್ಕು, ತಾವಾಗೇ ತೊಡಬೇಕು." ಮುದುಕ ತಟ್ಟೆಯಿಂದ ತಲೆಯೆತ್ತಲಿಲ್ಲ. "ಕೊಳ್ಳೋಕೆ ಬಂದೋರಿಗೆಲ್ಲ ಹೇಳ್ದೆ. ಯಾರೂ ನಗ್ಲಿಲ್ಲ. ನೀನು ನಕ್ಕೆ."

"ನಿಮಗೆ ಹಾಕ್ಕೋಬೇಡ ಅಂತ ಯಾರು ಹೇಳಿದ್ರು?"

ಭಿಕಾಜಿ ಮೀನಿನ ಮುಳ್ಳೊಂದನ್ನು ತಟ್ಟೆಯ ಅಂಚಿಗೆ ಸರಿಸಿದ. "ನಮ್ಮಣ್ಣ," ಎಂದ.

ಮುಕ್ತಾ ಆ ವಾರದ ಕೊನೆಗೆ ಕುಡಾಳಕ್ಕೆ ಬಂದಳು. ಅಣ್ಣ ಫೋನು ಎತ್ತದಿದ್ದಕ್ಕೆ ರೇಗಿಕೊಂಡೇ ಬಂದವಳು, ಜಾಗದ ನಡುವೆ ಕೂತಿದ್ದ ಅವನ ಪಾದ ಕಂಡು ಮಾತು ಮರೆತಳು. ಹೊತ್ತು ಮುಳುಗುತ್ತಿತ್ತು. ಗೇರುಮರಗಳ ಕೆಳಗೆ ಆಗಲೇ ಕಪ್ಪು ಕಟ್ಟಿತ್ತು.

"ಹುಚ್ಚು ಹಿಡಿದಿದೆಯಾ ನಿಂಗೆ? ಏಳು, ಆಸ್ಪತ್ರೆಗೆ ಹೋಗೋಣ."

"ಆಗಲ್ಲ. ಈಗ ತಿರುಗ್ಬೇಕು."

ಅವಳು ಬಿಡಲಿಲ್ಲ, ಬಾಯಿ ಬಿಡಿಸಿದಳು. ಅವನು ಚಪ್ಪಲಿಯ ಕತೆ ಹೇಳಿದ. ಒಂದನ್ನು ಬಿಟ್ಟು ಎಲ್ಲ ಹೇಳಿದ. ಅವಳು ನಕ್ಕಳು. ಚಿಕ್ಕಂದಿನಲ್ಲಿ ಅವನಿಗೆ ಕತ್ತಲ ಭಯವಾದಾಗ ಧೈರ್ಯ ತುಂಬಲು ನಗುತ್ತಿದ್ದ ಅದೇ ನಗು.

"ಸರಿ. ನಾನೇ ಹಾಕ್ಕೊಂಡು ಸುತ್ತಿ ಬರ್ತೀನಿ. ನಂಗೇನೂ ಆಗ್ದಿದ್ರೆ ಬಾಯಿ ಮುಚ್ಕೊಂಡು ಡಾಕ್ಟರ ಹತ್ರ ಬರ್ಬೇಕು."

"ಹಾಕ್ಕೋಬೇಡ ಮುಕ್ತಾ," ಎಂದ ಚಿನ್ಮಯ. "ಅದು ನಿನ್ನ ಕಾಲಿಗಲ್ಲ."

ಆಡಿದ ಮೇಲೆ ಹೊಳೆಯಿತು. ಅದು ಭಿಕಾಜಿಯ ಮಾತು. ಅಕ್ಷರಶಃ ಅದೇ.

ಅವಳು ಅವನ ಪಕ್ಕದಲ್ಲಿದ್ದ ಚಪ್ಪಲಿ ತೊಟ್ಟಳು. ಅಳತೆ ತೆಗೆದು ಹೊಲಿಸಿದಂತೆ ಕೂತವು.

ಕೂಗಬೇಕು. ಅರ್ಧ ಜಾಗ ನಿನ್ನದು, ಗಡಿಯವನಿಗೆ ಬೇಕಾದ್ದು ಒಡೆಯರ ಕಾಲು ಎನ್ನಬೇಕು. ಬಾಯಿ ತೆರೆದ. ಅವಳು ಮೊದಲ ಕಲ್ಲು ಮುಟ್ಟಿದಳು. ಕೋಲು ಕುಟ್ಟಿತು. ಅವನ ಎಡಗಾಲಿನ ಉರಿ ನಿಂತಿತು. ಎರಡನೆಯ ಕಲ್ಲು. ಬಲಗಾಲಿನ ಉರಿ ನಿಂತಿತು. ಎಷ್ಟು ಹಾಯಾಗಿತ್ತು. ದೇವರೇ, ಎಷ್ಟು ಹಾಯಾಗಿತ್ತು. ಈಗ ಕೂಗಿದರೂ ಆದೀತು. ಮೂರನೆಯ ಕಲ್ಲು. ಬೀಡಿಯ ಘಾಟು ಅವನನ್ನು ದಾಟಿ ಅವಳ ಹಿಂದೆ ಹೋಯಿತು. ಅವನು ಬಾಯಿ ಮುಚ್ಚಿಕೊಂಡ. ನಾಲ್ಕನೆಯ ಕಲ್ಲು.

ಅವಳು ನಗುತ್ತ ಬಂದಳು. ಅಣ್ಣ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಭಯ ಬಿಟ್ಟಿತಲ್ಲ, ಅದಕ್ಕೇ ಇರಬೇಕು ಎಂದುಕೊಂಡು ಮುಕ್ತಾ ಪಕ್ಕದಲ್ಲಿ ಕೂತು ಅವನ ಭುಜ ತಟ್ಟಿದಳು.

"ಅಳಬೇಡ ದಾದಾ," ಎಂದಳು. "ಇನ್ಮೇಲೆ ನಾನು ನೋಡ್ಕೋತೀನಿ."