ಕತ್ತಲಾದ ಎರಡು ನಿಮಿಷ

"ಅಲುಗಾಡಬೇಡಿ! ಕಣ್ಣು ಮುಚ್ಚಬೇಡಿ. ನನ್ನನ್ನೇ ನೋಡಿ."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ದಿನಕ್ಕೆ ಇಪ್ಪತ್ತು ಜನಕ್ಕೆ ಹೇಳುವ ಮಾತು ಅದು. ಆರು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಫ್ರೇಮು ಕೂರಿಸುವವಳಿಗೆ ಯಾರ ಮುಖವೂ ಹೊಸದಲ್ಲ. ಆದರೆ ಈ ಮುಖ...

ಅವಳ ಬೆರಳುಗಳು ಅವನ ಕಿವಿಯ ಹಿಂದೆ ಕಡ್ಡಿ ಬಾಗಿಸುತ್ತಿದ್ದಂತೆಯೇ ಆ ಮುಖದ ಮೇಲೆ ಕಣ್ಣೀರು ಇಳಿಯಿತು.

ಅವಳು ಗಾಬರಿಯಿಂದ ಕೈ ಹಿಂದಕ್ಕೆ ತೆಗೆದಳು. "ಅಯ್ಯೋ! ಕಡ್ಡಿ ಬಿಸಿ ಇತ್ತಾ?"

"ಇಲ್ಲ ರೀ. ಯಾರಾದ್ರೂ ಇಷ್ಟು ಜೋಪಾನವಾಗಿ ಮುಟ್ಟಿ ಬಹಳ ದಿನ ಆಗಿತ್ತು, ಅಷ್ಟೇ. ನೀವು ತಲೆ ಕೆಡಿಸ್ಕೋಬೇಡಿ. ಗಾಜು ಒರೆಸಿ ಕೊಡಿ."

ಒರೆಸಿ ಕೊಟ್ಟಳು. ಅವನ ಬೆರಳ ಸಂದಿಯಲ್ಲಿ ಇದ್ದಿಲಿನ ಕಪ್ಪು ಕೂತಿತ್ತು, ಎಷ್ಟು ತೊಳೆದರೂ ಹೋಗದ ಹಾಗೆ.

"ಕಡ್ಡಿ ಎರಡೂ ಕಡೆ ಅಗಲ ಆಗಿದೆ. ದೊಡ್ಡ ಹೆಡ್‌ಫೋನ್ ಹಾಕ್ಕೊಂಡು ಕೂರ್ತೀರಾ?"

"ಹೂಂ."

"ಹಾಡು ಕೇಳ್ತೀರಾ?"

"ಏನೂ ಕೇಳಲ್ಲ. ಸುಮ್ನೆ ಹಾಕ್ಕೊಂಡು ಕೂರ್ತೀನಿ."

ಅವನು ಹೋದ ಮೇಲೂ ಆ ಮಾತು ಅವಳ ಎದೆಯಲ್ಲಿ ಉಳಿಯಿತು. ಏನೂ ಕೇಳದೆ ಹೆಡ್‌ಫೋನ್ ಹಾಕಿಕೊಂಡು ಕೂರುವವನಿಗೆ ಎಂಥ ದುಃಖವಿರಬೇಕು?

ಮುಂದಿನ ವಾರ ಅವನು ಮತ್ತೆ ಬಂದ. "ಸಡಿಲ ಆಗಿದೆ." ಅದರ ಮುಂದಿನ ವಾರವೂ ಬಂದ. ನಾಲ್ಕನೇ ಸಲ ಅವನು ಮೆಟ್ಟಿಲು ಹತ್ತುವುದನ್ನು ಕಂಡು ಅಂಗಡಿಯ ಯಜಮಾನರು ಗಾಜಿನ ಪೆಟ್ಟಿಗೆಯ ಹಿಂದಿನಿಂದ ಗೊಣಗಿದರು.

"ಕನ್ನಡಕ ಸರಿಯಾಗೇ ಇದೆ ಮಗಳೇ. ಸಡಿಲ ಆಗಿರೋದು ಬೇರೆ ಏನೋ!"

"ಯಜಮಾನ್ರೇ, ಸುಮ್ನಿರಿ!"

ಅವಳ ಕಿವಿ ಕೆಂಪಾಗಿದ್ದನ್ನು ಅವನೂ ನೋಡಿದ. ಬಹಳ ತಿಂಗಳುಗಳ ನಂತರ ಅವನ ತುಟಿಯಂಚಿನಲ್ಲಿ ನಗುವಿನಂಥದ್ದೊಂದು ಬಂದಿತ್ತು. ಅದು ಅವಳಿಗೆ ಗೊತ್ತಾಗಲಿಲ್ಲ.

ಅವತ್ತು ಗಿರಾಕಿಗಳು ಕಡಿಮೆ. ಅವಳ ನೋಟ್‌ಬುಕ್ಕಿನಲ್ಲಿ ಅರೆತೆರೆದ ಬಾಗಿಲಿನ ಚಿತ್ರವಿದ್ದುದನ್ನು ಅವನು ಕಂಡ.

"ಇದೇನು?"

"ನೆನ್ನೆ ನೋಡಿದ ದೆವ್ವದ ಸಿನಿಮಾ. ಬಾಗಿಲು ನಾಲ್ಕು ಬೆರಳಷ್ಟು ತೆರೆದಿದ್ರೆ ಭಯ ಆಗುತ್ತೆ. ಪೂರ್ತಿ ತೆರೆದ್ರೆ ನೆಂಟರು ಬಂದ ಹಾಗೆ. ದೆವ್ವ ಪೂರ್ತಿ ಕಾಣಿಸಿದ್ಮೇಲಂತೂ ನಂಗೆ ಆಕಳಿಕೆ ಬರುತ್ತೆ."

ಅವನು ನಕ್ಕೇಬಿಟ್ಟ. "ಮತ್ತೆ ಅನಿಮೇಷನ್ ಕಿರುಚಿತ್ರ? ಅದನ್ನೂ ನೋಡ್ತೀರಾ?"

"ನೋಡ್ತೀನಿ. ಅದು ಇನ್ನೂ ಕಷ್ಟ. ಸಿನಿಮಾದಲ್ಲಿ ಹತ್ತು ನಿಮಿಷ ದಂಡವಾದ್ರೂ ನಡಿಯುತ್ತೆ, ಕಿರುಚಿತ್ರದಲ್ಲಿ ಒಂದು ಗೆರೆ ದಂಡವಾದ್ರೂ ಎದ್ದು ಕಾಣುತ್ತೆ."

ನಗು ಥಟ್ಟನೆ ನಿಂತಿತು. ಅವನು ತನ್ನ ಕಪ್ಪು ಬೆರಳುಗಳನ್ನು ನೋಡಿಕೊಂಡ.

"ನಾನೂ ಒಂದು ಮಾಡಿದ್ದೆ. ಇದ್ದಿಲಲ್ಲಿ ಬರೆದು ಬರೆದು ಮೂರು ವರ್ಷ ಹಿಡೀತು. ಏಳು ನಿಮಿಷದ್ದು, ಭಯದ್ದೇ. ನೆಟ್‌ಗೆ ಹಾಕ್ದೆ. ನೋಡಿದವರೇ ಕಡಿಮೆ. ಅವರಲ್ಲಿ ಒಬ್ಬರು ಅಭಿಪ್ರಾಯ ಬರೆದ್ರು. 'ಪುಕ್ಕಲಿ' ಅಂತ ಹೆಸರು ಹಾಕ್ಕೊಂಡು ನೆಟ್‌ನಲ್ಲಿ ಸಿನಿಮಾ ಬಗ್ಗೆ ಬರೀತಾರಲ್ಲ, ಅವರು."

ಅವಳ ಕೈಯಲ್ಲಿದ್ದ ಪುಟ್ಟ ಸ್ಕ್ರೂ ಜಾರಿ ನೆಲಕ್ಕೆ ಬಿತ್ತು.

ಪುಕ್ಕಲಿ! ಮನೆಯಲ್ಲಿ ಅಮ್ಮನನ್ನು ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿಲ್ಲದ ಅವಳ ಇನ್ನೊಂದು ಹೆಸರು.

ಅವನು ಬಾಯಿಪಾಠ ಒಪ್ಪಿಸುವವನಂತೆ ಹೇಳಿದ. "'ಐದು ನಿಮಿಷ ಗೆರೆಗಳು ಉಸಿರಾಡುತ್ತವೆ. ಕೊನೆಯ ಎರಡು ನಿಮಿಷ ಬರೀ ಕಪ್ಪು ಪರದೆ. ಸೋತದ್ದು ಚಿತ್ರಗಾರನ ಕೈಯೋ, ಮನಸ್ಸೋ? ಇದು ಅರ್ಧಕ್ಕೇ ಸತ್ತ ಚಿತ್ರ.'"

ಒಂದು ಅಕ್ಷರವೂ ತಪ್ಪಿರಲಿಲ್ಲ. ಅವಳದೇ ಸಾಲುಗಳು! ಬರೆದ ದಿನ ಎಷ್ಟು ಚೆನ್ನಾಗಿ ಬಂತು ಎಂದು ತಾನೇ ಹೆಮ್ಮೆಪಟ್ಟಿದ್ದ ಸಾಲುಗಳು...

"ಬೇರೆಯವರು ಬೈದಿದ್ರೆ ಬಿಟ್ಟಾಕ್ತಿದ್ದೆ. ಪುಕ್ಕಲಿ ಬರೆದಿದ್ದನ್ನ ನಾನು ವರ್ಷಗಳಿಂದ ಓದ್ತಿದ್ದೆ. ಸುಳ್ಳು ಹೇಳೋರಲ್ಲ. ಆ ಕೊನೆಯ ಎರಡು ನಿಮಿಷದಲ್ಲಿ ಅಂಥವರಿಗೇ ಏನೂ ಕೇಳಿಸ್ಲಿಲ್ಲ ಅಂದ್ರೆ ಅಲ್ಲಿ ಏನೂ ಇರ್ಲಿಲ್ಲ ಅಂತಲೇ ಅರ್ಥ. ಅವತ್ತೇ ಎಲ್ಲಾ ಅಳಿಸಿಹಾಕ್ದೆ."

ಕೇಳಿಸಲಿಲ್ಲ...?

ಬಿದ್ದ ಸ್ಕ್ರೂ ಹುಡುಕುವ ನೆಪದಲ್ಲಿ ಅವಳು ಬಗ್ಗಿದಳು.

ಅವನು ಜೇಬಿನಿಂದ ಪೆನ್‌ಡ್ರೈವ್ ತೆಗೆದು ಅವಳ ಮುಂದಿಟ್ಟ. "ಇದೊಂದೇ ಪ್ರತಿ ಉಳಿದಿರೋದು. ನೀವು ನೋಡಿ. ಸೋಮವಾರ ಬರ್ತೀನಿ. ನಿಮಗೂ ಸತ್ತದ್ದು ಅನ್ನಿಸಿದ್ರೆ ಅಲ್ಲೇ ಅಳಿಸಿಬಿಡಿ. ಆಮೇಲೆ ನಾನು ಮತ್ತೆ ಇದ್ದಿಲು ಮುಟ್ಟಲ್ಲ."

'ನಾನೇ ಆ ಪುಕ್ಕಲಿ!' ಎಂದು ಹೇಳಬೇಕಿತ್ತು. ಹೇಳದೆ ಪೆನ್‌ಡ್ರೈವ್ ತೆಗೆದುಕೊಂಡಳು.

* * *

ಭಾನುವಾರ ಮಧ್ಯಾಹ್ನ. ಮುಂದಿನ ಕೋಣೆಯಲ್ಲಿ ಮೇಜಿನ ಮುಂದೆ ಅವಳು, ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಅಮ್ಮ. ಎರಡರ ನಡುವಿನ ಬಾಗಿಲು ಯಾವಾಗಲೂ ಪೂರ್ತಿ ತೆರೆದೇ ಇರುತ್ತಿತ್ತು. ಅಮ್ಮನ ಬಲಗೈ ಬಲಗಾಲು ಸ್ವಾಧೀನವಿಲ್ಲದೆ ಐದು ವರ್ಷವಾಗಿತ್ತು.

ಅವಳು ಚಿತ್ರವನ್ನು ಮೂರು ಸಲ ನೋಡಿದಳು. ಪ್ರತಿ ಸಲವೂ ಶಬ್ದ ನಿಲ್ಲಿಸಿಯೇ ನೋಡಿದಳು. ಮೂರು ವರ್ಷದಿಂದ ನೋಡಿದ ನೂರಾ ನಲವತ್ತು ಚಿತ್ರಗಳನ್ನೂ ಹಾಗೆಯೇ ನೋಡಿದ್ದಳು.

ಎತ್ತರದ ಕಟ್ಟಡವೊಂದರ ಮೆಟ್ಟಿಲುಗಳಲ್ಲಿ ಒಂದು ಪುಟ್ಟ ನೆರಳು ಓಡುತ್ತದೆ. ಯಾವುದೋ ದೊಡ್ಡದೊಂದು ಅದನ್ನು ಅಟ್ಟಿಸಿಕೊಂಡು ಬರುತ್ತದೆ. ಬಡಿದ ಬಾಗಿಲು ಒಂದೂ ತೆರೆಯುವುದಿಲ್ಲ. ಕೊನೆಗೆ ನೆರಳು ಒಂದು ಮಂಚದ ಕೆಳಗೆ ನುಸುಳುತ್ತದೆ. ಪರದೆ ಕಪ್ಪಾಗುತ್ತದೆ. ಅಷ್ಟೇ.

ಅವಳು ಇಯರ್‌ಫೋನ್ ಕೈಗೆತ್ತಿಕೊಂಡಳು. ಮತ್ತೆ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು.

"ಏನೇ ಅದು? ಆಗಿಂದ ಮೂಗು ಎಳೀತಿದ್ದೀಯ?" ಅಮ್ಮ ಕೂಗಿದಳು. "ಬಾ ಇಲ್ಲಿ."

ಹೋಗಿ ಮಂಚದ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಅಮ್ಮ ಎಡಗೈಯಿಂದ ಅವಳ ಕೆನ್ನೆ ಒರೆಸಿದಳು.

"ಅಪ್ಪ ಕರೆದಿದ್ದು ನಿಂಗೆ ಕೇಳಿಸ್ಲಿಲ್ಲ ಅಂತ ಇನ್ನೂ ಎಷ್ಟು ವರ್ಷ ಹೀಗೆ ಕಿವಿ ತೆರೆದಿಟ್ಕೊಂಡು ಕಾಯ್ತೀಯೇ?"

"ಬೇಡ ಅಮ್ಮ..."

ಮೂರು ವರ್ಷದ ಹಿಂದೆ ಅದೇ ಮೇಜಿನ ಮುಂದೆ ಇಯರ್‌ಫೋನ್ ಹಾಕಿಕೊಂಡು ಅವಳು ಒಂದು ದೆವ್ವದ ಸಿನಿಮಾ ನೋಡುತ್ತಿದ್ದಳು. ಶಬ್ದ ಪೂರ್ತಿ ಏರಿಸಿದ್ದಳು. ಅಪ್ಪ ಬಚ್ಚಲಲ್ಲಿ ಕುಸಿದು ಅವಳನ್ನು ಕರೆದಿದ್ದರು. ಏಳಲಾಗದ ಅಮ್ಮನೂ ಮಂಚದಿಂದ ಕೂಗಿದ್ದಳು. ಸಿನಿಮಾದವರ ಚೀರಾಟದಲ್ಲಿ ಮನೆಯವರ ಕೂಗು ಕೇಳಿಸಲೇ ಇಲ್ಲ. ಸಿನಿಮಾ ಮುಗಿಸಿ ಎದ್ದಾಗ ಅಪ್ಪ ತಣ್ಣಗಾಗಿದ್ದರು.

"ಡಾಕ್ಟ್ರು ಏನಂದ್ರು ಮರೆತ್ಯಾ? ನೀನು ಓಡಿ ಹೋಗಿದ್ರೂ ಉಳೀತಿರ್ಲಿಲ್ಲ."

"ಉಳೀತಿರ್ಲಿಲ್ಲ. ಆದ್ರೆ ಒಬ್ಬರೇ ಹೋಗ್ತಿರ್ಲಿಲ್ಲ ಅಲ್ವಾ ಅಮ್ಮ?"

ಅಮ್ಮ ಎಡಗೈ ಚಾಚಿದಳು.

"ಹಿಡ್ಕೋ. ನಂಗೇನಾದ್ರೂ ಬೇಕಾದ್ರೆ ಚಿವುಟ್ತೀನಿ. ನೀನು ಕೇಳು."

"ಜೋರಾಗಿ ಚಿವುಟ್ಬೇಕು."

"ರಕ್ತ ಬರೋ ಹಾಗೆ ಚಿವುಟ್ತೀನಿ, ಹಾಕ್ಕೋ."

ಅವಳು ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ಮಂಚದ ಮೇಲೆ ತಂದಿಟ್ಟುಕೊಂಡು ಇಯರ್‌ಫೋನ್ ಹಾಕಿಕೊಂಡಳು. ಮನೆ ಮಾಯವಾಯಿತು. ಅಮ್ಮನ ಕೈಯನ್ನು ಮುರಿದುಹೋಗುವಷ್ಟು ಗಟ್ಟಿಯಾಗಿ ಹಿಡಿದಳು.

ಐದು ನಿಮಿಷ ಕಳೆಯಿತು. ಪರದೆ ಕಪ್ಪಾಯಿತು.

ಆ ಕಪ್ಪಿನೊಳಗೆ, ದೂರದಲ್ಲಿ, ಯಾರೋ ಚಪ್ಪಲಿ ಎಳೆಯುತ್ತಾ ನಡೆದರು. ನಲ್ಲಿ ತಿರುಗಿತು. ಪಾತ್ರೆಯ ಮೇಲೆ ಮುಚ್ಚಳ ಕೂತಿತು. ಒಂದು ಕೆಮ್ಮು. ಸ್ವಿಚ್ಚಿನ ಟಕ್. ಚಪ್ಪಲಿಯ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ... ಮಂಚ ಕಿರುಗುಟ್ಟಿತು. ವಯಸ್ಸಾದ ಹೆಂಗಸೊಬ್ಬಳ ದನಿ, ಕಿವಿಯ ಪಕ್ಕದಲ್ಲೇ.

"ಎಲ್ಲಿ ಅಡಗಿದ್ದೀಯೋ? ಹೆದರ್ಕೊಂಡ್ಯಾ? ಬಾ, ನಾನಿದ್ದೀನಿ."

ಚಿತ್ರ ಮುಗಿದಿತ್ತು.

ಏನೂ ಇಲ್ಲ ಎಂದು ಅವಳು ಬರೆದಿದ್ದ ಜಾಗದಲ್ಲಿ ಎಲ್ಲವೂ ಇತ್ತು! ಅವಳು ಅಮ್ಮನ ಅಂಗೈಗೆ ಮುಖ ಒತ್ತಿ ಮಗುವಿನಂತೆ ಬಿಕ್ಕಿದಳು.

* * *

ಸೋಮವಾರ ಅಂಗಡಿ ತೆರೆಯುವ ಹೊತ್ತಿಗೇ ಅವನು ಬಂದ.

"ನೋಡಿದ್ರಾ?"

"ಕೇಳಿದೆ. ಮೊದಲನೇ ಸಲ." ಅವಳು ತಲೆ ಎತ್ತಲಿಲ್ಲ. "ಪುಕ್ಕಲಿ ಅಂದ್ರೆ ನಾನೇ. ಅವತ್ತು ನಾನು ಶಬ್ದ ನಿಲ್ಲಿಸಿ ನೋಡಿದ್ದೆ. ನಿಮ್ಮ ಚಿತ್ರ ಸತ್ತಿಲ್ಲ. ನಾನೇ... ತಪ್ಪು ನನ್ನದು."

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಶಬ್ದ... ನಿಲ್ಲಿಸಿ?"

"ಹೂಂ."

"ಅದು ನಮ್ಮಮ್ಮನ ದನಿ." ಅವನು ಮೆಲ್ಲಗೆ ಹೇಳಿದ. ಬೈದಿದ್ದರೆ ಅವಳಿಗೆ ಎಷ್ಟೋ ಹಿತವಾಗುತ್ತಿತ್ತು. "ಕೊನೆಯ ವರ್ಷ ಅವಳು ಮನೆಯಲ್ಲಿ ಓಡಾಡೋದನ್ನೆಲ್ಲಾ ರೆಕಾರ್ಡ್ ಮಾಡಿದ್ದೆ. ಹೋದ ಮೇಲೂ ಇರ್ಲಿ ಅಂತ. ನಲವತ್ತು ಗಂಟೆ ಇತ್ತು. ನೀವು ಬರೆದಿದ್ದನ್ನ ಓದಿ, ಯಾರಿಗೂ ಕೇಳಿಸದ ಅಮ್ಮ ನಂಗೊಬ್ಬನಿಗೆ ಯಾಕೆ ಅಂತ... ಅಷ್ಟೂ ಅಳಿಸಿದೆ ರೀ."

ನಲವತ್ತು ಗಂಟೆ! ಉಳಿದದ್ದು ಎರಡು ನಿಮಿಷ.

ಅವಳು ಪೆನ್‌ಡ್ರೈವ್ ಚಾಚಿದಳು. ಅವನು ಮುಟ್ಟಲಿಲ್ಲ.

"ನಿಮ್ಮ ಹತ್ರಾನೇ ಇರ್ಲಿ. ಈಗ ನನ್ನ ಕೈಗೆ ಬಂದ್ರೆ ಇದನ್ನೂ ಅಳಿಸಿಬಿಡ್ತೀನಿ."

ಹೊರಟುಹೋದ.

'ಅಪ್ಪನ ವಿಷಯ ಯಾಕೆ ಹೇಳಲಿಲ್ಲ? ಹೇಳಿದ್ದರೆ ಒಂದಿಷ್ಟು ಕರುಣೆ ಸಿಗುತ್ತಿತ್ತೇನೋ... ಇಲ್ಲ. ಅವನ ತಾಯಿಯನ್ನು ಅಳಿಸಿ, ನನ್ನ ತಂದೆಯನ್ನು ನೆಪ ಮಾಡಿಕೊಳ್ಳಲೇ?'

ಆ ಸಂಜೆ ಪುಕ್ಕಲಿಯ ಪುಟದಲ್ಲಿ ಹೀಗೆ ಬರೆದಳು: 'ನೂರಾ ನಲವತ್ತು ಚಿತ್ರಗಳ ಬಗ್ಗೆ ಅಭಿಪ್ರಾಯ ಹೇಳಿದ್ದೇನೆ. ಎಲ್ಲವನ್ನೂ ಶಬ್ದ ನಿಲ್ಲಿಸಿ ನೋಡಿದ್ದೆ, ಅದನ್ನು ನಿಮಗೆ ತಿಳಿಸಿರಲಿಲ್ಲ. ಒಬ್ಬ ಚಿತ್ರಗಾರನಿಗೆ ನಾನು ಮಾಡಿದ ಅನ್ಯಾಯಕ್ಕೆ ಪರಿಹಾರವಿಲ್ಲ. ಒಂದೊಂದನ್ನೇ ಕೇಳಿ ಮತ್ತೆ ಬರೆಯುತ್ತೇನೆ.'

ಕಾರಣ ಬರೆಯಲಿಲ್ಲ. ಓದುಗರು ಬಿಡಲಿಲ್ಲ. 'ಮೂಗು ಮುಚ್ಕೊಂಡು ಅಡುಗೆ ರುಚಿ ಹೇಳ್ತಿದ್ರಾ ತಾಯಿ!' ಎಂದರು. 'ಹೆಸರಿಗೆ ತಕ್ಕ ಹಾಗೆ ಪುಕ್ಕಲಿನೇ' ಎಂದರು. ಮೂರು ದಿನದಲ್ಲಿ ಅರ್ಧಕ್ಕರ್ಧ ಜನ ಪುಟ ಬಿಟ್ಟು ಹೋದರು.

ಅವಳು ದಿನಕ್ಕೊಂದು ಚಿತ್ರ ನೋಡಿದಳು, ಒಂದು ಕೈ ಅಮ್ಮನ ಕೈಯಲ್ಲಿಟ್ಟು. ಹಿಂದೆ ಹೊಗಳಿದ್ದ ಎಷ್ಟೋ ಚಿತ್ರಗಳು ಬರೀ ಗದ್ದಲವೆನಿಸಿದವು. ತೆಗಳಿದ್ದ ಕೆಲವು ನಿದ್ದೆ ಕೆಡಿಸಿದವು. ಪ್ರತಿ ದಿನವೂ ಒಂದೊಂದು ತಪ್ಪೊಪ್ಪಿಗೆ. ಅಂಗಡಿಯಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗಲೆಲ್ಲಾ ತಲೆ ಎತ್ತುವಳು. ಬೇರೆ ಯಾರೋ ಇರುತ್ತಿದ್ದರು. ಯಜಮಾನರೂ ತಮಾಷೆ ಮಾಡುವುದನ್ನು ಬಿಟ್ಟಿದ್ದರು.

ಅವನು ಬರುವುದಿಲ್ಲ. ಯಾಕೆ ಬರಬೇಕು?

* * *

ಹನ್ನೆರಡನೇ ದಿನ ಮಧ್ಯಾಹ್ನ ಅವನು ಬಂದ. ಬಾಗಿಲು ತಡಕಿಕೊಂಡು ಬಂದ.

"ಮತ್ತೆ ಸಡಿಲ ಆಯ್ತೇನಪ್ಪಾ?" ಯಜಮಾನರು ಮೆಲ್ಲಗೆ ಕೇಳಿದರು.

"ಇಲ್ಲ ಸಾರ್. ಈ ಸಲ ಮುರಿದೇ ಹೋಯ್ತು. ಗೊತ್ತಾಗ್ದೆ ಇದರ ಮೇಲೇ ಕೂತ್ಬಿಟ್ಟೆ."

ಯಜಮಾನರಿಗೆ ಒಳಗೆ ಏನೋ ಕೆಲಸ ನೆನಪಾಯಿತು. ಅವಳು ಮುರಿದ ಕನ್ನಡಕ ತೆಗೆದುಕೊಂಡು ತಲೆ ತಗ್ಗಿಸಿ ಕಡ್ಡಿ ಜೋಡಿಸತೊಡಗಿದಳು.

"ಕನ್ನಡಕ ಇಲ್ದೆ ನಿಮ್ಮ ಮುಖ ಮಬ್ಬಾಗಿದೆ," ಎಂದ ಅವನು. "ಹೀಗಿದ್ರೇನೇ ಕೇಳೋಕೆ ಧೈರ್ಯ. ಶಬ್ದ ಯಾಕೆ ನಿಲ್ಲಿಸ್ತಿದ್ರಿ?"

ಅವಳು ಹೇಳಿದಳು. ಬಚ್ಚಲು, ಕೂಗು, ತಣ್ಣಗಾಗಿದ್ದ ಕೈ... ಯಾವುದನ್ನೂ ಮುಚ್ಚಿಡಲಿಲ್ಲ. ಹೇಳುವಾಗ ಎರಡು ಸಲ ಸ್ಕ್ರೂ ಬಿತ್ತು. ಎರಡನೇ ಸಲ ಅವನೇ ನೆಲವನ್ನೆಲ್ಲಾ ತಡವಿ ಹುಡುಕಿ ಕೊಟ್ಟ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನೆಪ ಹೇಳ್ದ ಹಾಗಾಗುತ್ತೆ ಅಂತ."

"ಮೂರು ವರ್ಷದಿಂದ ಪಕ್ಕದ ಕೋಣೆಗೆ ಕಿವಿ ಇಟ್ಕೊಂಡು ಕೂತಿದ್ದೀರಿ." ಅವನ ದನಿ ಒಡೆಯಿತು. "ನಾನೂ ಅಷ್ಟೇ ಅಲ್ವಾ? ಖಾಲಿ ಹೆಡ್‌ಫೋನ್ ಹಾಕ್ಕೊಂಡು..."

"ನಲವತ್ತು ಗಂಟೆನ ನಾನು ತಂದ್ಕೊಡೋಕಾಗಲ್ಲ."

"ಆಗಲ್ಲ. ಅಳಿಸಿದ ಕೈ ನನ್ನದು, ನಿಮ್ಮದಲ್ಲ. ಅದನ್ನ ಒಪ್ಕೊಳ್ಳೋಕೆ ಹನ್ನೆರಡು ದಿನ ಹಿಡೀತು."

ಅವಳು ಕನ್ನಡಕ ಎತ್ತಿ ಅವನ ಮುಖಕ್ಕೆ ತಂದಳು. ಬೆರಳುಗಳು ಕಿವಿಯ ಹಿಂದೆ ಹೋದವು.

"ಅಲುಗಾಡಬೇಡಿ," ಎಂದಳು. ಅಲುಗಾಡುತ್ತಿದ್ದದ್ದು ಅವಳ ಕೈಯೇ.

ಅವನು ಆ ಕೈ ಹಿಡಿದುಕೊಂಡ. "ನಂಗೆ ನೀವು ಬೇಕು ರೀ. ಎಷ್ಟು ಸಿಟ್ಟು ಮಾಡ್ಕೊಂಡ್ರೂ ಕೊನೆಗೆ ಅದೇ ಉಳೀತು."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಭಾನುವಾರ ಮನೆಗೆ ಬನ್ನಿ. ಅಮ್ಮ ಇದ್ದಾಳೆ," ಎಂದಳು.

* * *

ಭಾನುವಾರ ಮಂಚದ ಮೇಲೆ ಅಮ್ಮ, ಕೆಳಗೆ ಚಾಪೆಯ ಮೇಲೆ ಅವರಿಬ್ಬರು. ಮೇಲಕ್ಕೆ ಚಾಚಿದ ಅವಳ ಒಂದು ಕೈ ಅಮ್ಮನ ಕೈಯಲ್ಲಿ. ಇಯರ್‌ಫೋನಿನ ಒಂದು ತುದಿ ಅವನ ಕಿವಿಯಲ್ಲಿ, ಇನ್ನೊಂದು ಅವಳ ಕಿವಿಯಲ್ಲಿ. ಅವಳ ಮತ್ತೊಂದು ಕಿವಿ ಮನೆಗೆ ತೆರೆದಿತ್ತು.

ಪರದೆ ಕಪ್ಪಾಯಿತು. ಚಪ್ಪಲಿ ಸದ್ದು. ನಲ್ಲಿ. ಮುಚ್ಚಳ. ಅವನು ಉಸಿರು ಬಿಗಿಹಿಡಿದ. ಅಳಿಸಿದ ದಿನದಿಂದ ಅವನೂ ಕೇಳಿರಲಿಲ್ಲ.

'ಬಾ, ನಾನಿದ್ದೀನಿ.'

ಇಬ್ಬರೂ ಅಳುತ್ತಿದ್ದರು. ಹೋದವರು ಬರುವುದಿಲ್ಲ. ನಲವತ್ತು ಗಂಟೆಯೂ ಬರುವುದಿಲ್ಲ. ಅವತ್ತು ಕೇಳಿಸದ ಬಚ್ಚಲಿನ ಕೂಗು ಇನ್ನೂ ಕಿವಿಯಲ್ಲಿರುತ್ತದೆ. ಅವಳಿಗೆ ಅದು ಗೊತ್ತಿತ್ತು, ಅವನಿಗೂ.

"ಹೇಳಿ, ಪುಕ್ಕಲಿಯ ಅಭಿಪ್ರಾಯ ಏನು?" ಅವನು ಕಣ್ಣೊರೆಸಿಕೊಂಡು ಕೇಳಿದ.

"ಇನ್ನೊಂದ್ಸಲ ಹಾಕಿ," ಎಂದಳು ಅವಳು. "ಅತ್ತೆ ಕರೀತಿದ್ದಾರೆ."

ಅವನು ಬೆರಗಾಗಿ ಅವಳತ್ತ ತಿರುಗಿದ. ಮಂಚದ ಮೇಲಿನಿಂದ ಅಮ್ಮ ನಗುತ್ತಾ ಅವಳ ಕೈಯನ್ನು ಜೋರಾಗಿ ಚಿವುಟಿದಳು.