ನೆಟ್ಟಗೆ ನಿಂತ ಗುಂಡು

ನಂಬುವುದು ಬಿಡುವುದು ನಿಮ್ಮಿಷ್ಟ. ಪೊಲೀಸರ ಪಿಸ್ತೂಲು ರಿಪೇರಿ ಮಾಡುವ ಕೋಣೆಯಲ್ಲಿ ಅಪ್ಪ ಕೂರುತ್ತಿದ್ದ ಸ್ಟೂಲಿನ ಮೇಲೆ ಈಗ ನಾನು ಕೂರುತ್ತೇನೆ.

"ಪುಟ್ಟೀ, ಮೊದಲು ಗುಂಡು ತುಂಬಿರೋ ಮ್ಯಾಗಜೀನ್ ತೆಗಿ, ಆಮೇಲೆ ಮೇಲಿನ ಸ್ಲೈಡ್ ಹಿಂದಕ್ಕೆ ಎಳಿ. ಹಿಂದುಮುಂದು ಮಾಡಿದ್ರೆ ಸ್ಪ್ರಿಂಗು ಇನ್ನೊಂದು ಗುಂಡು ಮೇಲಕ್ಕೆ ತಳ್ಳತ್ತೆ, ಸ್ಲೈಡು ಅದನ್ನ ನಳಿಗೆಯೊಳಗೆ ಕೂರಿಸಿಬಿಡತ್ತೆ," ಎಂದು ಅಪ್ಪ ದಿನಾ ಹೇಳುತ್ತಿದ್ದ. ತೆಗೆದ ಗುಂಡು ಉರುಳದಂತೆ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸುತ್ತಿದ್ದ.

ಅವನು ತೀರಿಕೊಂಡ ಮರುತಿಂಗಳು, ಒಂದು ಮಟಮಟ ಮಧ್ಯಾಹ್ನ, ನನ್ನ ಮನಸ್ಸು ಎಲ್ಲೋ ಇತ್ತು. ಮೊದಲು ಸ್ಲೈಡ್ ಎಳೆದೆ. ಒಂದು ಗುಂಡು ಹೊರಕ್ಕೆ ಹಾರಿ ಮೇಜಿನ ಕೆಳಗೆ ಉರುಳಿತು. ಆಮೇಲೆ ಮ್ಯಾಗಜೀನ್ ತೆಗೆದು, ಖಾಲಿಯಾಯಿತು ಅಂದುಕೊಂಡೆ. ಆ ಪಿಸ್ತೂಲು ಬಿಚ್ಚಬೇಕಾದರೆ ಟ್ರಿಗರ್ ಒತ್ತಲೇಬೇಕು. ನನ್ನ ಎಡಗೈ ನಳಿಗೆಯ ಮುಂದೆಯೇ ಇತ್ತು.

ಒತ್ತುವಷ್ಟರಲ್ಲಿ ಸ್ಲೈಡು ತಾನಾಗಿ ಹಿಂದೆ ಸರಿದು ನಿಂತಿತು. ತಣ್ಣಗಿದ್ದ ಉಕ್ಕು ಯಾರೋ ಹಿಡಿದುಕೊಂಡಿದ್ದ ಹಾಗೆ ಬೆಚ್ಚಗಾಗಿತ್ತು. ಅಪ್ಪನ ಕೆಮ್ಮಿನ ಮಾತ್ರೆಯ ವಾಸನೆ ಬಂತು.

"ಅಪ್ಪಾ, ಊಟ ಆಯ್ತಾ?" ಎಂದೆ. ಬಾಯಿಗೆ ಬಂದದ್ದು ಅದೇ.

ಮೇಜಿನ ಮೇಲೆ, ನಳಿಗೆಯೊಳಗೆ ಕೂತಿದ್ದ ಎರಡನೆಯ ಗುಂಡು ನೆಟ್ಟಗೆ ನಿಂತಿತ್ತು. ಅದರ ಹಿತ್ತಾಳೆಯ ಮೇಲೆ ಎಣ್ಣೆಯ ಬೆರಳಚ್ಚು ಇನ್ನೂ ಹಸಿಯಾಗಿತ್ತು. ನನ್ನ ಎರಡೂ ಕೈಗೆ ಗ್ಲೌಸ್ ಇತ್ತು.