ಗಂಟೆ ನಿಂತ ಮೇಲೆ

ಲಿಫ್ಟಿನ ಬಾಗಿಲು ತೆರೆಯಿತು. ಎದುರಿಗೇ ಹಲ್ಲಿ!

ಒಳಗೆ ನಾನಿದ್ದೆ, ಹೋಟೆಲಿನ ಯೂನಿಫಾರ್ಮ್‌ನಲ್ಲಿ. ನನ್ನ ಮುಂದೆ ಕೊಳೆ ಬಟ್ಟೆ ತುಂಬಿದ ತಳ್ಳುಗಾಡಿ. ಬಟ್ಟೆಯ ಕೆಳಗೆ ಒಬ್ಬ ಸಂಸದರು.

ಹಲ್ಲಿ ಯಾರೆಂದು ನಿಮಗೆ ಗೊತ್ತಿರಲಿಕ್ಕಿಲ್ಲ, ವಕೀಲರೇ. ಆಳುವ ಪಕ್ಷದ ಪಾಲಿಗೆ ಅವನು ಯಾರೋ, ವಿರೋಧ ಪಕ್ಷದ ಪಾಲಿಗೆ ನಾನು ಅದೇ. ವೋಟಿನ ದಿನ ಯಾರನ್ನು ಸಭೆಗೆ ತಂದು ಮುಟ್ಟಿಸಬೇಕು, ಯಾರು ಬಾರದ ಹಾಗೆ ನೋಡಿಕೊಳ್ಳಬೇಕು... ಇಬ್ಬರದೂ ಇದೇ ಹೊಟ್ಟೆಪಾಡು. ಯಾವ ಗೋಡೆಗಾದರೂ ಅಂಟಿಕೊಳ್ಳುತ್ತಾನೆ, ಅದಕ್ಕೇ ಆ ಹೆಸರು.

ಹಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಏನಣ್ಣ, ಕೆಲಸ ಬದಲಾಯಿಸಿಬಿಟ್ಯಾ?”

ಅಷ್ಟರಲ್ಲಿ ಬಟ್ಟೆ ಸೀನಿತು.

ನಾನು ಯೋಚಿಸುತ್ತ ನಿಲ್ಲಲಿಲ್ಲ. ತಳ್ಳುಗಾಡಿಯನ್ನು ಅವನ ಮೊಣಕಾಲಿಗೆ ಗುದ್ದಿದೆ. ಅವನು ಮುಗ್ಗರಿಸಿದ. ಗಾಡಿಯನ್ನು ಹಿಂದಕ್ಕೆಳೆದು ಬಟನ್ ಒತ್ತಿದೆ. ಮುಚ್ಚುತ್ತಿದ್ದ ಬಾಗಿಲಿನ ಸಂದಿಗೆ ಅವನ ಬೆರಳು ಬಂದವು. ಬೂಟಿನಿಂದ ಒಂದು ಕೊಟ್ಟೆ. ಬೆರಳು ಹೋದವು.

ನೆಲಮಾಳಿಗೆಯಲ್ಲಿ ಲಾಂಡ್ರಿಯ ವ್ಯಾನ್ ನಿಲ್ಲಿಸಿಟ್ಟಿದ್ದೆ. ಮುದುಕರನ್ನು ಬಟ್ಟೆಯ ಸಮೇತ ಹಿಂದಕ್ಕೆ ತುರುಕಿ ಹೊರಟೆ.

ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುವುದು. ಆಯಸ್ಸೆಲ್ಲ ಮಕ್ಕಳಿಗೆ ರೇಖಾಗಣಿತ ಕಲಿಸಿ, ಮುಪ್ಪಿನಲ್ಲಿ ಯಾವ ಪಕ್ಷದ ಹಂಗೂ ಇಲ್ಲದೆ ಗೆದ್ದು ಬಂದವರು. ತಿದ್ದುಪಡಿಯ ಪರವಾಗಿ ವೋಟು ಹಾಕುತ್ತೇನೆಂದು ಟೀವಿಯಲ್ಲಿ ಒಂದು ಮಾತು ಆಡಿದ್ದರು. ಮಾರನೆಯ ದಿನವೇ ಹಲ್ಲಿ ಅವರನ್ನು “ವಿಶ್ರಾಂತಿಗೆ” ಆ ಹೋಟೆಲಿಗೆ ಕರೆದೊಯ್ದು, ಅವರ ಫೋನ್ ಕಿಸೆಗಿಳಿಸಿ, ಬಾಗಿಲಿಗೆ ಇಬ್ಬರು ಗೂಳಿಗಳನ್ನು ನಿಲ್ಲಿಸಿದ್ದ. ಮೇಷ್ಟ್ರು ಒಳಗೆ ಕೂತು ಪೇಪರ್ ಓದುತ್ತಿದ್ದರು. ಸೀನು ಬಿಟ್ಟರೆ ಅವರಿಂದ ನನಗೇನೂ ತೊಂದರೆಯಾಗಲಿಲ್ಲ.

ಯಾವ ತಿದ್ದುಪಡಿ ಎನ್ನುತ್ತೀರಾ? ನೀವು ಕಾನೂನು ಓದಿದವರು. ಆದರೂ ನನ್ನ ಬಾಯಲ್ಲಿ ಕೇಳಿ.

ಡ್ರಗ್ಸ್ ಬಗ್ಗೆ ಸಭೆಯಲ್ಲಿ ತಿಂಗಳುಗಟ್ಟಲೆ ಕೂಗಾಟ ನಡೆದಿತ್ತು. ಆ ಕಡೆಯವರು ಮುಟ್ಟಿದವನನ್ನೂ ಒಳಗೆ ಹಾಕಿ, ಮಾರಿದವನನ್ನೂ ಒಳಗೆ ಹಾಕಿ, ಬೀಗದ ಕೈ ಎಸೆದುಬಿಡಿ ಎನ್ನುತ್ತಿದ್ದರು. ಈ ಕಡೆಯ ಕೆಲವರು ಎಲ್ಲವನ್ನೂ ಅಂಗಡಿಯಲ್ಲಿಟ್ಟು, ತೆರಿಗೆ ಹಾಕಿ ಮಾರಿ ಎನ್ನುತ್ತಿದ್ದರು. ಅಂಕಿಅಂಶ ಇಬ್ಬರ ಹತ್ತಿರವೂ ಇತ್ತು. ಯಾರ ಮನೆಯಲ್ಲೂ ಬಚ್ಚಲ ಬಾಗಿಲು ಒಡೆದು ಮಗಳನ್ನು ಹೊರಗೆಳೆದ ತಾಯಿ ಇರಲಿಲ್ಲ.

ನಮ್ಮ ಮನೆಯಲ್ಲಿದ್ದಳು. ನನ್ನ ಅಕ್ಕ.

ಅವಳ ಮಗಳು, ನಮ್ಮ ಪುಟ್ಟಿ, ಬಸ್ಸಿನಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದಳು. ನೋವಿಗೆಂದು ಡಾಕ್ಟರು ಮಾತ್ರೆ ಕೊಟ್ಟರು. ಬೆನ್ನು ಸರಿಹೋಯಿತು. ಮಾತ್ರೆ ಬಿಡಲಿಲ್ಲ. ಮಾತ್ರೆ ಸಿಗದಾದಾಗ ಪುಡಿ ಬಂತು. ಮಗಳು ಕಂಡ ಕಂಡ ಮೂಲೆಯಲ್ಲಿ, ಕಂಡವರ ಕೈಯಿಂದ ತೆಗೆದುಕೊಂಡು ಸಾಯುವುದು ಬೇಡವೆಂದು ಅಕ್ಕ ತಾನೇ ತಂದಿಟ್ಟು, ಚಮಚದ ತುದಿಯಲ್ಲಿ ಅಳೆದು, ದಿನ ದಿನ ಕಡಿಮೆ ಮಾಡುತ್ತ ಬಂದಳು. ಹೂವಿನ ಗಿಡಕ್ಕೆ ನೀರು ಹಾಕುವವಳ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಕಾನೂನಿನ ಲೆಕ್ಕದಲ್ಲಿ ಇದಕ್ಕೆ ಸರಬರಾಜು ಎಂದು ಹೆಸರು.

ಕೆಳಮನೆಯ ಟೈಲರನ ಹೆಂಡತಿ ಒಂದು ಮಧ್ಯಾಹ್ನ ಮಗ ಉಸಿರಾಡುತ್ತಿಲ್ಲವೆಂದು ಆಂಬುಲೆನ್ಸ್‌ಗೆ ಫೋನ್ ಮಾಡಿದ್ದಳು. ಆಂಬುಲೆನ್ಸ್ ಬಂತು. ಅದರ ಹಿಂದೆಯೇ ಜೀಪೂ ಬಂತು. ಮಗ ಬದುಕಿಕೊಂಡ. ಅವಳು ಇವತ್ತಿಗೂ ಒಳಗಿದ್ದಾಳೆ.

ತಿದ್ದುಪಡಿ ಹೇಳುತ್ತಿದ್ದುದು ಇಷ್ಟೇ... ಪ್ರಾಣ ಉಳಿಸಲು ಫೋನ್ ಮಾಡಿದವರನ್ನು ಹಿಡಿಯಬಾರದು. ವಕೀಲರೇ, ನಾನು ಎಷ್ಟೋ ಮಸೂದೆಗಳಿಗೆ ಜನ ಹೊತ್ತು ತಂದಿದ್ದೇನೆ. ಒಂದರ ಹೆಸರೂ ನೆನಪಿಲ್ಲ. ಇದೊಂದು ಮಾತ್ರ ನನಗೆ ಬೇಕಿತ್ತು. ಅಕ್ಕನಿಗೂ ಹೇಳಿದ್ದೆ, ಇವತ್ತು ಸಂಜೆಯೊಳಗೆ ನೀನು ಧೈರ್ಯವಾಗಿ ಯಾರಿಗೆ ಬೇಕಾದರೂ ಫೋನ್ ಮಾಡಬಹುದು ಅಂತ.

ಕನ್ನಡಿಯಲ್ಲಿ ಎರಡು ಬೈಕು ಕಂಡವು.

ಒಂದು ಎಡಕ್ಕೆ ಬಂತು, ಒಂದು ಬಲಕ್ಕೆ. ಬಲಗಡೆಯವನು ಕಬ್ಬಿಣದ ರಾಡ್ ಬೀಸಿದ. ಕಿಟಕಿ ಪುಡಿ! ಗಾಜು ನನ್ನ ಮಡಿಲ ತುಂಬ ಉದುರಿತು. ಬಲಕ್ಕೆ ಒತ್ತಿದೆ. ಅವನು ಡಿವೈಡರ್ ಹತ್ತಿ, ಆ ಕಡೆ ಇಳಿದು, ಎದುರಿನಿಂದ ಬರುತ್ತಿದ್ದ ಲಾರಿಗೆ ಹೆದರಿ ನಿಂತುಬಿಟ್ಟ.

ಫೋನ್ ಬಡಿದುಕೊಂಡಿತು. ಅಕ್ಕ.

ಕಟ್ ಮಾಡಿದೆ.

ಬೆಳಗಿನಿಂದ ನೂರು ಸಲ ಕೇಳಿದ್ದಳು, ಪಾಸಾಗುತ್ತೇನೋ, ಪಾಸಾಗುತ್ತೇನೋ ಎಂದು. ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಎಡಗಡೆಯ ಬೈಕು ಹಿಂದೆ ಸರಿದು ವ್ಯಾನಿನ ಬಾಲ ಹಿಡಿಯಿತು. ಮೇಷ್ಟ್ರು ಹಿಂದಿನಿಂದ ಅಲ್ಲೆಲ್ಲಾದರೂ ಒಂದು ನಿಮಿಷ ನಿಲ್ಲಿಸಲು ಆಗುತ್ತದೆಯೇ, ಸಕ್ಕರೆ ಕಾಯಿಲೆ ಇರುವುದರಿಂದ ತಡೆದುಕೊಳ್ಳುವುದು ಕಷ್ಟ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಆಗುವುದಿಲ್ಲ ಎಂದೆ. ಆಗ ಅವರು ಹಿಂಬಾಗಿಲು ತೆರೆದು, ಒಂದು ಡಬಲ್ ಬೆಡ್‌ಶೀಟ್ ಬಿಡಿಸಿ, ಗಾಳಿಗೆ ಬಿಟ್ಟರು.

ಅದು ನೇರ ಹೋಗಿ ಸವಾರನ ಮುಖಕ್ಕೆ ಸುತ್ತಿಕೊಂಡಿತು. ಬೈಕು ಬಸ್‌ಸ್ಟಾಪಿನ ಕಂಬ ಹುಡುಕಿಕೊಂಡು ಹೋಯಿತು.

“ಕೋನ ಸರಿ ಇತ್ತು,” ಎಂದರು ಮೇಷ್ಟ್ರು, ಬಾಗಿಲು ಹಾಕಿಕೊಳ್ಳುತ್ತ.

ಮತ್ತೆ ಅಕ್ಕನ ಫೋನ್. ಮತ್ತೆ ಕಟ್ ಮಾಡಿದೆ.

ಸಭಾಭವನದ ಹಿಂಬಾಗಿಲಿಗೆ ಬಂದಾಗ ಗಂಟೆ ಹೊಡೆಯಲು ಶುರುವಾಗಿತ್ತು. ಅಲ್ಲಿಯ ಪದ್ಧತಿ ನಿಮಗೆ ಗೊತ್ತಿರಬಹುದು. ವೋಟಿಗೆ ಮುಂಚೆ ಗಂಟೆ ಬಾರಿಸುತ್ತಾರೆ. ಗಂಟೆ ನಿಂತ ತಕ್ಷಣ ಬಾಗಿಲುಗಳಿಗೆಲ್ಲ ಬೀಗ. ಎಣಿಕೆ ಮುಗಿಯುವವರೆಗೆ ಯಾರೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಫೋನನ್ನು ಮೊದಲೇ ಕೌಂಟರಿನಲ್ಲಿ, ಮರದ ಗೂಡುಗಳಲ್ಲಿ ಇಟ್ಟು ಹೋಗಬೇಕು.

ಫೋನ್ ಗೂಡಿಗೆ ಎಸೆದು ಮೇಷ್ಟ್ರನ್ನು ಎಳೆದುಕೊಂಡು ಓಡಿದೆ. ಅವರ ಮೊಣಕಾಲು ಕೈಕೊಟ್ಟಿತು. ಕಂಕುಳಿಗೆ ಕೈಕೊಟ್ಟು ಎತ್ತಿಕೊಂಡೇ ಹೋದೆ. ಗಾಜಿನ ಲಾಬಿ ದಾಟಿ, ಒಳಬಾಗಿಲಿಗೆ ಅವರನ್ನು ನೂಕಿದೆ. ಅವರು ಒಳಗೆ ಹೋದರು. ಸಭೆಯಲ್ಲಿ ಯಾರೋ ಮೇಜು ಕುಟ್ಟಿದರು.

ಗಂಟೆ ನಿಂತಿತು.

ಒಳಬಾಗಿಲಿಗೆ ಬೀಗ ಬಿತ್ತು. ನನ್ನ ಹಿಂದಿನ ಗಾಜಿನ ಬಾಗಿಲಿಗೂ ಬಿತ್ತು. ನಡುವೆ ನಾನು.

ಬೇಜಾರೇನಾಗಲಿಲ್ಲ. ನನ್ನ ಕೆಲಸ ಮುಗಿದಿತ್ತು. ಬೆವರು ಒರೆಸಿಕೊಂಡು ಗೋಡೆಗೊರಗಿದೆ. ಲಾಬಿಯ ಸ್ಪೀಕರಿನಲ್ಲಿ ಒಳಗಿನ ಮಾತು ಕೇಳಿಸುತ್ತಿತ್ತು. ವೋಟು ಬಿದ್ದಿತು. ಎಣಿಕೆಯಾಯಿತು. ತಿದ್ದುಪಡಿ ಗೆದ್ದಿತು, ಒಂದು ವೋಟಿನಿಂದ! ಆ ಕಡೆಯವರು ಸುಮ್ಮನಿರುತ್ತಾರೆಯೇ? ಮರುಎಣಿಕೆ ಕೇಳಿದರು. ಚೀಟಿ ತನ್ನಿ ಎಂದರು. ಚೀಟಿ ಮುಗಿದಿದೆ ಎಂದು ಯಾರೋ ಹೇಳಿದರು. ಒಳಗಿನ ಕಪಾಟಿನಲ್ಲೇ ಹೊಸ ಚೀಟಿ ಹುಡುಕತೊಡಗಿದರು.

ಆಗ ಗಾಜಿನ ಆಚೆ ನೋಡಿದೆ.

ಮರದ ಗೂಡಿನಲ್ಲಿ ನನ್ನ ಫೋನ್ ಬೆಳಗುತ್ತಿತ್ತು. ಪರದೆಯ ಮೇಲೆ ಅಕ್ಕನ ಮುಖ. ಆರಿತು. ಮತ್ತೆ ಬೆಳಗಿತು. ಆರಿತು. ಮತ್ತೆ.

ಸಭೆಯ ಕಲಾಪ ಟೀವಿಯಲ್ಲಿ ನೇರ ಬರುತ್ತಿತ್ತು. ಅಕ್ಕ ಅದರ ಮುಂದೆಯೇ ಕೂತಿರುತ್ತಾಳೆ. ಎಣಿಕೆಯ ಸುದ್ದಿ ನನ್ನ ಜೊತೆಗೇ ಅವಳಿಗೂ ಗೊತ್ತಾಗಿರುತ್ತದೆ. ಹಾಗಿದ್ದರೆ ನನಗೇಕೆ ಫೋನ್ ಮಾಡುತ್ತಿದ್ದಾಳೆ?

ಗಾಜಿನ ಬಾಗಿಲಿಗೆ ಓಡಿದೆ.

ಗಾಜು ಬಡಿದೆ. ಆಚೆ ನಿಂತಿದ್ದ ಮಾರ್ಷಲ್ ಕೈಬೀಸಿ ಸುಮ್ಮನಿರಲು ಹೇಳಿದ. ಫೋನ್ ತೋರಿಸಿದೆ, ಕೈಮುಗಿದೆ, ಮನೆಯಲ್ಲಿ ಏನೋ ಆಗಿದೆ ಎಂದು ಕೂಗಿದೆ. ಅವನು ಗಾಜಿನ ಹತ್ತಿರ ಬಂದ. ಕೆಟ್ಟವನಲ್ಲ. ಬೀಗದ ಕೈ ತನ್ನ ಹತ್ತಿರ ಇಲ್ಲ, ಒಳಗೆ ಸಭಾಧ್ಯಕ್ಷರ ಮೇಜಿನ ಮೇಲಿದೆ ಎಂದ. ಗೂಡುಗಳಿಗೂ ಹಾಗೇ, ಬೀಗ ತೆಗೆಯುವವರೆಗೆ ಅವನು ಮುಟ್ಟುವಂತಿಲ್ಲ. ಕುರ್ಚಿ ಎತ್ತಿ ಗಾಜಿಗೆ ಹೊಡೆದೆ. ಕುರ್ಚಿ ಮುರಿಯಿತು. ಊರಿಗೆಲ್ಲ ದಾರಿ ಮಾಡಿಕೊಡುವ ಗಂಡು ನಾನು, ಒಂದು ಬಾಗಿಲ ಮುಂದೆ ಕೂತು ಅತ್ತುಬಿಟ್ಟೆ.

ಫೋನ್ ಬೆಳಗುವುದು ನಿಂತಿತು. ಅದು ಇನ್ನೂ ಕಷ್ಟವಾಯಿತು.

ಮರುಎಣಿಕೆಯಲ್ಲೂ ಅದೇ ಲೆಕ್ಕ. ಬೀಗ ತೆರೆಯಿತು. ಫೋನ್ ಕಿತ್ತುಕೊಂಡು ಅಕ್ಕನಿಗೆ ಮಾಡಿದೆ. ತಕ್ಷಣ ಎತ್ತಿದಳು. ಅವಳ ದನಿ ಪಿಸುಗುಡುತ್ತಿತ್ತು, ಮಲಗಿದ ಮಗುವಿಗೆ ಎಚ್ಚರವಾದೀತು ಎನ್ನುವ ಹಾಗೆ.

“ಪಾಸಾಯ್ತಲ್ಲೋ? ಈಗ ಆಂಬುಲೆನ್ಸ್‌ಗೆ ಫೋನ್ ಮಾಡಬಹುದಾ?”

ಅವಳು ಕಾದಿದ್ದಳು, ವಕೀಲರೇ. ಪುಟ್ಟಿಯ ತಲೆ ಮಡಿಲಲ್ಲಿಟ್ಟುಕೊಂಡು, ಬಾಯಿಗೆ ಬಾಯಿಟ್ಟು ಉಸಿರು ಊದುತ್ತ, ಟೀವಿ ನೋಡುತ್ತ ಕಾದಿದ್ದಳು. ತನ್ನನ್ನು ಒಳಗೆ ಹಾಕಿದರೆ ಮಗಳಿಗೆ ಅಳೆದು ಕೊಡುವವರಾರು ಎಂಬ ಭಯ ಅವಳಿಗೆ. ನಾನು ಸಂಜೆಯೊಳಗೆ ಆಗುತ್ತದೆ ಎಂದಿದ್ದೆನಲ್ಲ... ನನ್ನ ಮಾತು ನಂಬಿದ್ದಳು.

ನಾನು ಹೋಗುವಷ್ಟರಲ್ಲಿ ಆಂಬುಲೆನ್ಸಿನವರು ಕೈಚೆಲ್ಲಿ ನಿಂತಿದ್ದರು. ಪುಟ್ಟಿಯ ಪಾದ ನೆಲದ ಹಾಗೆ ತಣ್ಣಗಿತ್ತು. ಅವಳ ಕೂದಲನ್ನು ಅಕ್ಕ ಆಗಲೇ ಬಾಚಿದ್ದಳು.

ಜೀಪೂ ಬಂದಿತ್ತು. ಹೆಂಗಸು ಇನ್‌ಸ್ಪೆಕ್ಟರ್ ನನ್ನನ್ನು ಪಕ್ಕಕ್ಕೆ ಕರೆದಳು. ನಾನು ತಿದ್ದುಪಡಿಯ ಮಾತೆತ್ತಿದೆ. ಈಗಷ್ಟೇ ಪಾಸಾಗಿದೆ, ಟೀವಿ ನೋಡಿ ಎಂದೆ. ಅವಳು ಟೀವಿ ನೋಡಲಿಲ್ಲ, ನೆಲ ನೋಡಿದಳು.

“ಇನ್ನೂ ಸಹಿ ಆಗಬೇಕು ಸರ್. ಆಮೇಲೆ ಪ್ರಕಟಣೆ ಆಗಬೇಕು. ಇವತ್ತಿಗೆ ಹಳೇದೇ ಕಾನೂನು.”

ಅಕ್ಕ ಜಗಳ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡು ಜೀಪ್ ಹತ್ತಿದಳು. ಟೀವಿಯಲ್ಲಿ ಎರಡೂ ಕಡೆಯವರು ಇದು ತಮ್ಮದೇ ಗೆಲುವು ಎಂದು ಮೈಕಿನ ಮುಂದೆ ನೂಕಾಡುತ್ತಿದ್ದರು. ನಾನೇ ಆಫ್ ಮಾಡಿದೆ.

ಆ ಸಹಿ ಎಲ್ಲಿಗೆ ಬಂತೆಂದು ಅವತ್ತಿನಿಂದ ದಿನಾ ವಿಚಾರಿಸುತ್ತಿದ್ದೇನೆ. ಕಡತ ಮೇಜಿನ ಮೇಲಿದೆಯಂತೆ. ಆ ಮೇಜಿಗೆ ಹೋಗುವ ದಾರಿ ನನಗೆ ಗೊತ್ತಿಲ್ಲ, ಹಲ್ಲಿಗೂ ಗೊತ್ತಿಲ್ಲ. ಕೇಳಲು ಅವನ ಮನೆಗೇ ಹೋಗಿದ್ದೆ. ಬ್ಯಾಂಡೇಜ್ ಸುತ್ತಿದ ಕೈಯಲ್ಲೇ ಕಾಫಿ ಕೊಟ್ಟ.

ನಿನ್ನೆ ಜೈಲಿನಲ್ಲಿ ಅಕ್ಕನನ್ನು ನೋಡಿ ಬಂದೆ. ಜಾಲರಿಯ ಆಚೆ ಕೂತಿದ್ದಳು. ಟೈಲರನ ಹೆಂಡತಿಯದೂ ಅದೇ ಕೋಣೆಯಂತೆ. ಒಂದೇ ಒಂದು ಮಾತು ಕೇಳಿದಳು.

“ಗೆದ್ದಿದ್ದು ನಾವೇ ಅಲ್ವೇನೋ?”

“ಹೌದಕ್ಕ,” ಎಂದೆ. “ಒಂದು ವೋಟಿನಿಂದ.”